"ಪಾದ್ರಿ ಹೇಳಿದ ಪಕ್ಷಕ್ಕೇ ಕ್ರೈಸ್ತರ ಓಟು" ಅನ್ನೋದು ಸುಳ್ಳು

ಚುನಾವಣೆ ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಮೆಸೇಜ್ ಓಡಾಡುತ್ತದೆ. ಚರ್ಚ್‌ನಲ್ಲಿ ಪಾದ್ರಿ ಪಕ್ಷದ ಹೆಸರು ಹೇಳುತ್ತಾರೆ, ಕ್ರೈಸ್ತರೆಲ್ಲ ಅದಕ್ಕೇ ಓಟು ಹಾಕುತ್ತಾರೆ ಅಂತ. ಇದು ಸರಿಯಲ್ಲ.

ನಮ್ಮ ಕರಾವಳಿಯನ್ನೇ ನೋಡಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿ ಆಗಲು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿಂದ ಹೊರಬಂದು ಸಮಾಜವಾದಿ ಆದರು, ಕೊನೆಗೆ ವಾಜಪೇಯಿ ಸರ್ಕಾರದಲ್ಲಿ ರಕ್ಷಣಾ ಮಂತ್ರಿಯಾದರು. ಆಸ್ಕರ್ ಫರ್ನಾಂಡಿಸ್ 1980ರಿಂದ ಸತತ ಐದು ಸಲ ಉಡುಪಿಯಿಂದ ಗೆದ್ದಿದ್ದು ಕಾಂಗ್ರೆಸ್‌ನಿಂದ. ಇಬ್ಬರೂ ಕ್ಯಾಥೊಲಿಕ್ ಮನೆಯವರೇ ಅಲ್ವಾ?

ಕ್ಯಾಥೊಲಿಕ್ ಚರ್ಚ್‌ನ 1983ರ ಕಾನೂನಿನ 287ನೇ ನಿಯಮದ ಪ್ರಕಾರ ಪಾದ್ರಿಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದು. ಅಪರೂಪಕ್ಕೆ ಮೇಲಿನವರು ಅಗತ್ಯ ಅಂತ ಕಂಡರೆ ಮಾತ್ರ ವಿನಾಯಿತಿ. ಇನ್ನು ಕ್ಯಾಥೊಲಿಕ್ ಅಲ್ಲದ ಸಿಎಸ್‌ಐ (ದಕ್ಷಿಣ ಭಾರತ ಸಭೆ), ಪೆಂಟೆಕೋಸ್ಟಲ್ ಸಭೆಗಳಿಗೆ ಕ್ಯಾಥೊಲಿಕ್ ಬಿಷಪ್ ಅಪ್ಪಣೆ ಅನ್ವಯಿಸೋದೇ ಇಲ್ಲ. ದೇಶದ ಕಾನೂನೂ ಇದೆ: ಧರ್ಮದ ಹೆಸರಲ್ಲಿ ಓಟು ಕೇಳೋದು ಚುನಾವಣಾ ಅಕ್ರಮ ಅಂತ 2017ರಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಹೇಳಿತು.

ಹಾಗಂತ ಚರ್ಚ್ ಬಾಯಿ ಮುಚ್ಚಿಕೊಂಡು ಕೂರುತ್ತದೆ ಅಂತಲ್ಲ. 2021ರಲ್ಲಿ ಮತಾಂತರ ನಿಷೇಧ ಮಸೂದೆ ಬಂದಾಗ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿಯೇ ವಿರೋಧಿಸಿದರು. ತನ್ನ ಜನರಿಗೆ ತೊಂದರೆ ಆಗುತ್ತದೆ ಅನಿಸಿದ ಕಾನೂನಿನ ವಿರುದ್ಧ ಮಾತಾಡೋದು ಎಲ್ಲರಿಗೂ ಇರುವ ಹಕ್ಕು. ಪಕ್ಷದ ಏಜೆಂಟ್ ಆಗೋದು ಬೇರೆ. ಈ ಎರಡನ್ನೂ ಬೇಕಂತಲೇ ಕಲಸುತ್ತಾರೆ, ನನಗೆ ಬೇಜಾರಾಗೋದು ಅದಕ್ಕೇ.

ನಮ್ಮ ಚರ್ಚ್‌ನಲ್ಲಿ ಪೂಜೆ ಮುಗಿದ ಮೇಲೆ ನಾನು ಕೇಳಿದ ಪ್ರಕಟಣೆ ಇಷ್ಟೇ: "ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳಿ, ತಪ್ಪದೆ ಓಟು ಹಾಕಿ."