ಮೆಕ್ಸಿಕೋದಲ್ಲಿ ಅಪ್ಪನ ಹಾರ್ನ್

ನಿನ್ನೆ ರಾತ್ರಿಯಿಂದ ನಾನು ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ. ಅವರಿಗೆ ಅದು ಇನ್ನೂ ಗೊತ್ತಾಗಿಲ್ಲ. ಬೆಳಿಗ್ಗೆ ಮಾಮೂಲಿನಂತೆ ಕಾಫಿ ಕುಡಿದು, ಪೇಪರ್ ಮಡಚಿಟ್ಟು, "ಲೋ, ಇವತ್ತು ಎಷ್ಟೊತ್ತಿಗೆ ಹೊರಡೋದು?" ಅಂತ ಕೇಳಿದರು. ಹೊರಡೋದು ಅಂದರೆ ಮೆಕ್ಸಿಕೋಗೆ.

ನಾನು ದಿನಾ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವನು. ದೇವನಹಳ್ಳಿ ತನಕ ಗಾಡಿ ಗಾಳಿ ಥರ ಹೋಗುತ್ತದೆ. ಹೆಬ್ಬಾಳ ಬಂತು ಅಂದರೆ ಎತ್ತಿನ ಗಾಡಿಯೂ ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನಬೇಕು. ಹೀಗೆ ವಾರವೆಲ್ಲಾ ಫಸ್ಟ್ ಗೇರಿನಲ್ಲೇ ಕಳೆಯುವವನಿಗೆ ಭಾನುವಾರ ಒಂದೇ ಒಂದು ಗಂಟೆ, ಮುಂದೆ ಯಾರ ಬಂಪರ್ರೂ ಕಾಣದ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್ ಸ್ಪೀಡಲ್ಲಿ ಹೋಗಬೇಕು ಅನ್ನಿಸಿದರೆ ಅದು ತಪ್ಪಾ? ಅದಕ್ಕೇ ಮೆಕ್ಸಿಕೋದ ರಸ್ತೆಗಳಲ್ಲಿ ಕಾರು ಓಡಿಸುವ ಫೋರ್ಜಾ ಹೊರೈಜನ್ 5 ಅನ್ನೋ ಕಂಪ್ಯೂಟರ್ ಆಟ ಕೊಂಡೆ. 2021ರ ನವೆಂಬರಿನಲ್ಲಿ ಬಂದ ಆಟ. ಲೋಕವೆಲ್ಲಾ ಆಡಿ ಕೈತೊಳೆದುಕೊಂಡ ಮೇಲೆ, ರಿಯಾಯಿತಿ ಬಂದಾಗ ಕೊಳ್ಳುವುದು ನಮ್ಮ ಮನೆತನದ ಪದ್ಧತಿ.

ನೂರು ಜಿಬಿಗೂ ಜಾಸ್ತಿ ಇರುವ ಆಟ ಅದು. ಡೌನ್‌ಲೋಡ್ ಆಗಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಅಮ್ಮನ ಸೀರಿಯಲ್ಲು ಅರ್ಧಕ್ಕೇ ನಿಂತು ಸುತ್ತುತ್ತಿತ್ತು. ಆ ಬೈಗುಳದ ಲೆಕ್ಕ ಇಲ್ಲಿ ಬೇಡ.

ಕೊನೆಗೂ ಭಾನುವಾರ ಸಂಜೆ ಆಟ ಶುರು ಮಾಡಿದೆ. ಕಂಪ್ಯೂಟರಿನ ಫ್ಯಾನು ರಾಗಿ ಮಿಷನ್ ಥರ ಸದ್ದು ಮಾಡಿದ್ದೇ ತಪ್ಪಾಯಿತು. ಏನೋ ಕೆಟ್ಟಿದೆ ಅಂತ ಅಪ್ಪ ನೋಡಲು ಬಂದರು, ಪರದೆ ಮೇಲೆ ರಸ್ತೆ ಕಂಡರು, ಹೊರಗಿಂದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ನನ್ನ ಹಿಂದೆ ಕೂತರು.

ನಮ್ಮಪ್ಪ ರಿಟೈರ್ಡ್ ಬಸ್ ಡ್ರೈವರ್. ಜಾಸ್ತಿ ವರ್ಷ ಓಡಿಸಿದ್ದು ಬಾಗೇಪಲ್ಲಿ ರೂಟಿನಲ್ಲಿ. ಅಪಘಾತ ಮಾಡದೆ ಗಾಡಿ ಓಡಿಸಿದ್ದಕ್ಕೆ ಸಿಕ್ಕ ಬೆಳ್ಳಿ ಪದಕ, ಬೀರುವಿನಲ್ಲಿ ಅಮ್ಮನ ಓಲೆಗಿಂತ ಒಳಗಡೆ ಇದೆ. ಇಂಥವರನ್ನು ಹಿಂದೆ ಕೂರಿಸಿಕೊಂಡು ಈ ಆಟ ಆಡಬಾರದು.

ಆಟ ಶುರುವಾಗುವುದೇ ವಿಮಾನದಿಂದ ಜೀಪಿನಂಥ ಗಾಡಿಯೊಂದನ್ನು ಅಗ್ನಿಪರ್ವತದ ಮೇಲೆ ಬೀಳಿಸುವುದರಿಂದ. "ಯಾಕೋ, ಲಾರಿ ಬಾಡಿಗೆಗೆ ಸಿಗಲಿಲ್ವಂತಾ?" ಅಂದರು ಅಪ್ಪ. ಆಮೇಲೆ ಕಾರಿನ ಒಳಗಿಂದ ರಸ್ತೆ ಕಾಣುವ ಹಾಗೆ ಮಾಡಿದೆ. ಅಲ್ಲಿ ಸ್ಟೇರಿಂಗು ಎಡಗಡೆ. "ಡ್ರೈವರ್ ಕಂಡಕ್ಟರ್ ಸೀಟಲ್ಲಿ ಕೂತಿದ್ದಾನಲ್ಲೋ!" ಮೆಕ್ಸಿಕೋದಲ್ಲಿ ಹಂಗೇ ಅಪ್ಪ, ಅಲ್ಲಿ ಬಲಗಡೆ ಓಡಿಸಬೇಕು ಅಂದೆ. "ಮತ್ತೆ ನೀನ್ಯಾಕೆ ಎಡಗಡೆ ಹೋಗ್ತಿದೀಯ?" ಹೌದು, ಅಭ್ಯಾಸ ಬಲದಿಂದ ನಾನು ಎಡಗಡೆಯೇ ಹೋಗುತ್ತಿದ್ದೆ. ಎದುರಿಗೆ ಬಂದ ಕಾರಿಗೆ ಕೂದಲೆಳೆ ಅಂತರದಲ್ಲಿ ತಪ್ಪಿಸಿಕೊಂಡೆ. ಆಟ ಅದಕ್ಕೂ ಪಾಯಿಂಟ್ ಕೊಟ್ಟಿತು!

ಅಪ್ಪನಿಗೆ ತಡೆಯಲಾಗಲಿಲ್ಲ. ಕಲ್ಲಿನ ಗೋಡೆ ಒಡೆದರೆ ಪಾಯಿಂಟು. ಬೇಲಿ ಮುರಿದರೆ ಪಾಯಿಂಟು. ಬೆಳೆ ನಿಂತ ಹೊಲದ ಮೇಲೆ ನುಗ್ಗಿದಾಗ "ಲೋ, ಯಾರದ್ದೋ ಬೆಳೆ ಅದು!" ಅಂತ ಎದ್ದೇ ನಿಂತರು. ಸ್ಪೀಡ್ ಕ್ಯಾಮೆರಾ ಮುಂದೆ ಜೋರಾಗಿ ಹೋದರೆ ಸ್ಟಾರ್ ಕೊಡುತ್ತಾರೆ ಅಂತ ಗೊತ್ತಾದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. ನಮ್ಮ ಕಡೆ ಅದೇ ಕೆಲಸಕ್ಕೆ ಫೋನಿಗೆ ದಂಡದ ಮೆಸೇಜ್ ಬರುತ್ತದೆ.

ಸುಮ್ಮನಾದರೂ ಕಾಲು ಸುಮ್ಮನಿರಲಿಲ್ಲ. ಪ್ರತಿ ತಿರುವಿಗೂ ಅಪ್ಪನ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತುತ್ತದೆ, ಹವಾಯಿ ಚಪ್ಪಲಿ ಟೈಲ್ಸಿಗೆ ಉಜ್ಜಿ ಕಿರ್ರ್ ಅನ್ನುತ್ತದೆ. ಜೊತೆಗೆ ಬಾಯಿ. "ಹಾರ್ನ್ ಹೊಡಿ." "ತಿರುವು ಬಂತು, ಹಾರ್ನ್." "ಅಲ್ಲಿ ಮನೆ ಇದೆ, ಮಕ್ಕಳು ಮರಿ ಓಡಾಡ್ತಾವೆ, ಹಾರ್ನ್." ರೇಸಿನಲ್ಲಿ ಹಾರ್ನ್ ಹೊಡೆಯಲ್ಲಪ್ಪ ಅಂದರೆ, "ಒರೇಯ್, ಮೆಲ್ಲಗಾ ಪೋರಾ!" ಅಂದರು. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಶುರುವಾದ ಸಿಟ್ಟು ತೆಲುಗಿಗೆ ಹೋಯಿತು ಅಂದರೆ ಹುಷಾರಾಗಿರಬೇಕು. ನಾನು ಆಗಲಿಲ್ಲ.

ಗ್ವಾನಹ್ವಾಟೊ ಅಂತ ಬಾಯಿ ತಿರುಗದ ಹೆಸರಿನ ಊರು. ಬಣ್ಣಬಣ್ಣದ ಮನೆಗಳು, ನಮ್ಮ ಬಜಾರ್ ರಸ್ತೆಗಿಂತ ಇಕ್ಕಟ್ಟಾದ ಬೀದಿಗಳು. ರೇಸಿನಲ್ಲಿ ನಾನೇ ಮೊದಲು. ಕೊನೆಯ ತಿರುವು. ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಬಂತು. ಬಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಟನ್ನೇ ಹಾರ್ನ್ ತಾನೇ? ಕೀಬೋರ್ಡಿನಲ್ಲೂ ಹಾಗೇ ಇರಬೇಕು ಅಂತ ಅಪ್ಪ ಸ್ಪೇಸ್ ಬಾರನ್ನು ಅಂಗೈಯಿಂದ ದಬ್ ಅಂತ ಒತ್ತಿದರು.

ಸ್ಪೇಸ್ ಬಾರ್ ಅಂದರೆ ಹ್ಯಾಂಡ್ ಬ್ರೇಕ್.

ಕಾರು ಬುಗುರಿಯಂತೆ ಸುತ್ತಿ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಪುಣ್ಯಕ್ಕೆ ಈ ಆಟದಲ್ಲಿ ನಡೆದದ್ದನ್ನು ಹಿಂದಕ್ಕೆ ಸುತ್ತುವ ಸೌಲಭ್ಯ ಇದೆ. ಸುತ್ತಿದೆ. ಅದೇ ಬೀದಿ, ಅದೇ ತಿರುವು, ನಾನೇ ಮೊದಲು. ಅಪ್ಪ ಮತ್ತೆ ಒತ್ತಿದರು. "ಸದ್ದೇ ಬರ್ತಿಲ್ವಲ್ಲೋ, ಫ್ಯೂಸ್ ಹೋಗಿರಬೇಕು." ಮತ್ತೆ ಸುತ್ತಿದೆ. ಈ ಸಲ ಎಡಗೈಯನ್ನು ಸ್ಪೇಸ್ ಬಾರಿಗೆ ಅಡ್ಡ ಇಟ್ಟುಕೊಂಡೆ. ಅಪ್ಪ ನನ್ನ ಕೈಯನ್ನೇ ಒತ್ತಿದರು, ಕೈ ಕೆಳಗಿನ ಸ್ಪೇಸ್ ಬಾರು ಒತ್ತಿಕೊಂಡಿತು. ಅಷ್ಟೂ ಹೊತ್ತು ಹಿಂದೆ ಇದ್ದ ಕಾರುಗಳೆಲ್ಲಾ ಒಂದೊಂದಾಗಿ ನನ್ನ ಮುಂದೆಯೇ ಹೋದವು. ಹನ್ನೆರಡನೇ ಸ್ಥಾನ. "ನೋಡು, ಅವರೆಲ್ಲಾ ಹೆಂಗೆ ನಿಧಾನವಾಗಿ ಹೋದ್ರು" ಅಂದರು ಅಪ್ಪ.

ಸಿಟ್ಟಿನಲ್ಲಿ ರೇಸ್ ಬಿಟ್ಟು ಊರಾಚೆ ಹೊರಟೆ. ಎಲ್ಲಿಗೆ ಅಂತಿಲ್ಲ, ಸುಮ್ನೆ. ಸ್ವಲ್ಪ ದೂರ ಹೋದ ಮೇಲೆ "ನಿಲ್ಸು, ನಿಲ್ಸು" ಅಂದರು. ಮತ್ತೆ ಹಾರ್ನ್ ಅಂದುಕೊಂಡೆ. "ಅದು ಕತ್ತಾಳೆ ಅಲ್ವೇನೋ?"

ರಸ್ತೆ ಪಕ್ಕ ಕತ್ತಾಳೆಯೇ. ಪಾಪಾಸುಕಳ್ಳಿಗಳ ನಡುವೆ, ಬೂದುಹಸಿರು ಕತ್ತಿಗಳನ್ನು ಹರಡಿಕೊಂಡು ಕೂತಿತ್ತು. ಅದರ ತವರು ಮೆಕ್ಸಿಕೋನೇ, ಅಲ್ಲಿಂದಲೇ ನಮ್ಮ ಬೇಲಿಗೆ ಬಂದದ್ದು ಅಂದೆ. ನಮ್ಮ ಮೆಣಸಿನಕಾಯಿ, ಟೊಮೇಟೊ ಕೂಡ ಆ ಕಡೆಯವೇ ಅಂದರೆ ಅಪ್ಪ ನಂಬಲಿಲ್ಲ. ಕತ್ತಾಳೆಯನ್ನು ಮಾತ್ರ ನೋಡುತ್ತಾ ಕೂತರು. ಪೇರೇಸಂದ್ರದ ಕಡೆ ಹೊಲದ ಬದುವಿನ ಮೇಲೆಲ್ಲಾ ಅದೇ ಇತ್ತಂತೆ. ಹುಡುಗರು ಎಲೆ ಕೊಯ್ದು, ಕುಂಟೆಯ ನೀರಲ್ಲಿ ಕಲ್ಲು ಹೇರಿ ಕೊಳೆಯಲು ಬಿಡುತ್ತಿದ್ದರಂತೆ. ಆಮೇಲೆ ಕಲ್ಲಿನ ಮೇಲೆ ಬಡಿದು ನಾರು ತೆಗೆದು, ತೊಡೆ ಮೇಲೆ ಹೊಸೆದು ದನಕ್ಕೆ ಹಗ್ಗ. "ಆ ನಾತಕ್ಕೆ ನಮ್ಮಮ್ಮ ಸ್ನಾನ ಮಾಡೋ ತನಕ ಒಳಗೇ ಬಿಡ್ತಿರಲಿಲ್ಲ" ಅಂದು ಕೈ ಮೂಸಿ ನೋಡಿಕೊಂಡರು. ರಸ್ತೆ ಅಗಲವಾದಾಗ ಆ ಬೇಲಿಗಳೂ ಹೋದವು. ಈಗ ಅಲ್ಲಿ ಸೈಟಿನ ಕಲ್ಲುಗಳಿವೆ. ಪರದೆಯಲ್ಲಿ ಕಾರು ಗುರುಗುಟ್ಟುತ್ತಾ ನಿಂತೇ ಇತ್ತು. ನಾನೂ ಒಂದೆರಡು ನಿಮಿಷ ಹೊರಡಿಸಲಿಲ್ಲ.

ಅದೇ ನಾನು ಮಾಡಿದ ಎರಡನೇ ತಪ್ಪು. "ಸರಿ, ಏಳು. ನಾನು ಓಡಿಸ್ತೀನಿ."

ಉಳಿದ ಗಂಟೆಯೆಲ್ಲಾ ಅಪ್ಪನದು. ಲಕ್ಷಗಟ್ಟಲೆ ಬೆಲೆಯ ಕಾರನ್ನು ಮೂವತ್ತೆಂಟರಲ್ಲಿ ಓಡಿಸಿದರು. ಇಂಡಿಕೇಟರ್ ಎಲ್ಲಿ ಅಂತ ಕೇಳಿದರು, ಇಲ್ಲ ಅಂದೆ. ಆಮೇಲೆ ತಿರುವು ಬಂದಾಗಲೆಲ್ಲಾ ಕಂಪ್ಯೂಟರ್ ಮುಂದೆ ಬಲಗೈ ಚಾಚಿ ಸಿಗ್ನಲ್ ತೋರಿಸಿದರು. ಚಾಚಿದ ಕೈ ಒಂದು ಸಲ ನನ್ನ ಕಾಫಿ ಲೋಟಕ್ಕೂ ತಗುಲಿತು. ಹಿಂದಿನಿಂದ ಬಂದ ಗಾಡಿಗೆ ದಾರಿ ಬಿಡಲು ಪಕ್ಕಕ್ಕೆ ನಿಲ್ಲಿಸಿದರು. ಕೊನೆಗೆ ಸ್ಪೀಡ್ ಕ್ಯಾಮೆರಾ ಬಂತು. ಅದೇ ಮೂವತ್ತೆಂಟರಲ್ಲಿ ದಾಟಿದರು. ಒಂದೇ ಒಂದು ಸ್ಟಾರೂ ಬರಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದರು. "ನೋಡ್ದಾ? ಫೈನ್ ಬಿದ್ದಿಲ್ಲ."