ಟ್ರಾನ್ಸಿಸ್ಟರ್ ಗಿಟಾರ್ ಆಂಪ್ ಬಿಚ್ಚಿ ವಾಲ್ವ್ ದನಿ ಬರಿಸಬೇಕೆ?

ಪರ

ಹಾಸನದಂಥ ಊರಿನಲ್ಲಿ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ ಸಾಕುವುದು ಕಷ್ಟ. ಲೈನ್ ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ವಾಲ್ವ್ ಕಾಯಿಸುವ, 6.3 ವೋಲ್ಟ್ ಬೇಕಾದ ಹೀಟರ್‌ಗೆ 5.2 ಮಾತ್ರ ಸಿಗುತ್ತದೆ. ಇರುವ ಟ್ರಾನ್ಸಿಸ್ಟರ್ ಆಂಪನ್ನೇ ತಿದ್ದಿಕೊಳ್ಳುವುದು ಮೇಲು. ದನಿ ಒಡೆಸಲು ಎಲ್ಲರೂ ಮೊದಲು ಡಯೋಡ್‌ಗೆ ಕೈಹಾಕುತ್ತಾರೆ. ಮೊದಲು ತಿದ್ದಬೇಕಾದದ್ದು ಸ್ಪೀಕರ್ ನಡೆಸುವ ಔಟ್‌ಪುಟ್ ಹಂತ.

ಸಾದಾ ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಎಸಿ ಕರೆಂಟ್‌ಗೆ ಒಡ್ಡುವ ತಡೆ) ಸಾಮಾನ್ಯವಾಗಿ ಒಂದು ಓಮ್‌ಗಿಂತ ಬಹಳ ಕಡಿಮೆ. ಬಹಳಷ್ಟು ವಾಲ್ವ್ ಗಿಟಾರ್ ಆಂಪ್‌ಗಳಲ್ಲಿ ಅದು ಹಲವು ಓಮ್. ಹಾಗಾಗಿ 100 ಹರ್ಟ್ಸ್ ಆಸುಪಾಸಿನಲ್ಲೂ ಮೇಲಿನ ಟ್ರೆಬಲ್‌ನಲ್ಲೂ ಸ್ಪೀಕರ್‌ನ ಇಂಪೀಡೆನ್ಸ್ ಏರಿದಲ್ಲೆಲ್ಲ ವಾಲ್ವ್ ಆಂಪ್‌ನ ಸದ್ದೂ ಏರುತ್ತದೆ. ಆ ತುಂಬು ದನಿಯ ಮೂಲ ಬಹುಪಾಲು ಇದೇ.

ಉದಾಹರಣೆಗೆ ಟಿಡಿಎ2030 ಎಂಬ ಆಂಪ್ ಚಿಪ್‌ನ ಬೋರ್ಡ್ ತೆಗೆದುಕೊಳ್ಳಿ. ಪ್ಲಗ್ ಕಿತ್ತು, 1 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನಿಂದ ಫಿಲ್ಟರ್ ಕೆಪಾಸಿಟರ್ ಖಾಲಿ ಮಾಡಿ. ಸ್ಪೀಕರ್‌ನ ಮೈನಸ್ ತಂತಿಗೂ ಗ್ರೌಂಡ್‌ಗೂ ನಡುವೆ 0.22 ಓಮ್ 5 ವ್ಯಾಟ್ ರೆಸಿಸ್ಟರ್ ಹಾಕಿ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕೆಂಬುದು) ನಿಗದಿ ಮಾಡುವ 22 ಕಿಲೋಓಮ್–680 ಓಮ್ ಜೋಡಿಯಲ್ಲಿ, 680ರ ಕವಲಿನ ಗ್ರೌಂಡ್ ತುದಿಯನ್ನು ಬಿಡಿಸಿ ಸ್ಪೀಕರ್ ಮೈನಸ್‌ಗೆ ಬೆಸೆಯಿರಿ. ಕವಲಿನ ಕೆಪಾಸಿಟರ್ ಹಾಗೇ ಇರಲಿ. ಗೇನ್ ಸುಮಾರು 33. ಅದರಿಂದ 0.22ನ್ನು ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್ 7.3 ಓಮ್. 8 ಓಮ್ ಸ್ಪೀಕರ್‌ಗೆ ಗೇನ್ ಅರ್ಧಕ್ಕಿಳಿಯುತ್ತದೆ, ವಾಲ್ಯೂಮ್ ಏರಿಸಿಕೊಳ್ಳಿ.

ಕೈಕೊಡುವುದು ಸಾಮಾನ್ಯವಾಗಿ ಜ್ಯಾಕ್: ಅದರ ಲೋಹ ಚಾಸಿಗೆ ತಾಗಿದರೆ ರೆಸಿಸ್ಟರ್ ಶಾರ್ಟ್ ಆಗಿ ಬದಲಾವಣೆಯೇ ಕೇಳಿಸದು. ಪ್ಲಾಸ್ಟಿಕ್ ಮೈಯ ಜ್ಯಾಕ್ ಬಳಸಿ. ರೆಸಿಸ್ಟರ್‌ನ ಗ್ರೌಂಡ್ ಸಪ್ಲೈ ಕೆಪಾಸಿಟರ್‌ನ ಬುಡಕ್ಕೇ ಹೋಗಲಿ, ಇಲ್ಲದಿದ್ದರೆ ಹಮ್ಮಿಂಗ್ ಶುರುವಾಗುತ್ತದೆ. ಸ್ಪೀಕರ್‌ನ ಎರಡೂ ತಂತಿ ಚಿಪ್‌ನಿಂದಲೇ ಬರುವ ಬ್ರಿಡ್ಜ್ ಆಂಪ್‌ನಲ್ಲಿ ಇದನ್ನು ಮಾಡಲೇಬೇಡಿ.

ಆಮೇಲೆ ಬೇಕಾದರೆ, ಗಿಟಾರ್ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರೀಆಂಪ್‌ನ ಫೀಡ್‌ಬ್ಯಾಕ್‌ನಲ್ಲಿ 1ಎನ್4148 ಡಯೋಡ್‌ಗಳು: ಒಂದು ದಿಕ್ಕಿಗೆ ಒಂದು, ಎದುರು ದಿಕ್ಕಿಗೆ ಎರಡು. ಎರಡೂ ಬದಿ ಒಂದೇ ತರ ಅಲ್ಲದ ಈ ಕ್ಲಿಪಿಂಗ್‌ನಿಂದ (ಅಲೆಯ ತಲೆ ಕತ್ತರಿಸುವುದರಿಂದ) ಸಮಸಂಖ್ಯೆಯ ಹಾರ್ಮೋನಿಕ್‌ಗಳೂ, ಅಂದರೆ ಮೂಲ ಸ್ವರದ 2, 4 ಪಟ್ಟಿನ ಸ್ವರಗಳೂ ಬರುತ್ತವೆ.

ವಿರೋಧ

ಲೆಕ್ಕ ಸರಿಯಿದೆ, ಆದರೆ ಫಲ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಿಟಾರ್‌ನ ಸದ್ದು ಹಲವು ಸಲ ಆಂಪ್‌ನ ಲೈನ್ ಔಟ್‌ನಿಂದಲೇ ಮಿಕ್ಸರ್‌ಗೆ ಹೋಗುತ್ತದೆ. ಆ ತಂತಿ ಪ್ರೀಆಂಪ್‌ನಿಂದ ಬಂದಿದ್ದರೆ ಔಟ್‌ಪುಟ್ ಹಂತದ ತಿದ್ದುಪಡಿ ಜನರಿಗೆ ಕೇಳಿಸುವುದೇ ಇಲ್ಲ.

ಅದಕ್ಕಿಂತ ದೊಡ್ಡ ಮಾತು ಸ್ಪೀಕರ್‌ನದು. ಮನೆಯ ಸಣ್ಣ ಆಂಪ್‌ಗಳಲ್ಲಿರುವುದು 6 ಅಥವಾ 8 ಇಂಚಿನ ಅಗ್ಗದ ಸ್ಪೀಕರ್. ಇಂಪೀಡೆನ್ಸ್ ಏರಿಸಿದರೆ ಕೋನ್ ಮೇಲಿನ ಹಿಡಿತ ತಪ್ಪಿ, ಅದರ ರೆಸೊನೆನ್ಸ್ ಜಾಗದಲ್ಲಿ ಕೆಳಸ್ವರವೆಲ್ಲ ಗುಂಯ್ ಎನ್ನುತ್ತದೆ. ಮೊದಲು 12 ಇಂಚಿನ ಗಿಟಾರ್ ಸ್ಪೀಕರ್ ಇರುವ ಡಬ್ಬಿಗೆ ಜೋಡಿಸಿ ಕೇಳಿ. ಸುಮಾರು 5 ಕಿಲೋಹರ್ಟ್ಸ್ ಮೇಲೆ ಅದು ತಾನಾಗಿಯೇ ತಗ್ಗುವುದರಿಂದ ಡಿಸ್ಟಾರ್ಷನ್‌ನ ಕರಕರ ಬಹಳಷ್ಟು ಅಲ್ಲಿಯೇ ಹೋಗುತ್ತದೆ. ಬೆಸುಗೆಯ ಅಗತ್ಯವೇ ಬೀಳದಿರಬಹುದು.

ಇನ್ನು, ಚಿಪ್ ಸಪ್ಲೈನ ಮಿತಿ ಮುಟ್ಟಿದಾಗ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. 0.22 ಓಮ್ ಅದನ್ನು ಮೆತ್ತಗೆ ಮಾಡದು. ವಾಲ್ವ್ ಆಂಪ್‌ನಲ್ಲಿ ಜೋರಾಗಿ ಮೀಟಿದಾಗ ಸಪ್ಲೈ ಕುಸಿಯುವುದು, ವಾಲ್ವ್ ಕೆಲಸ ಮಾಡುವ ಮಟ್ಟ (ಬಯಾಸ್) ಸರಿಯುವುದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತನ್ನ ಮಿತಿ ಮುಟ್ಟುವುದು ಒಟ್ಟೊಟ್ಟಿಗೆ ನಡೆಯುತ್ತವೆ. ಮೂರು ಡಯೋಡ್ ಇದನ್ನು ಕೊಡಲಾರವು.

1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಟ್ರಾನ್ಸಿಸ್ಟರ್ ಆಂಪ್. ಅದನ್ನು ಮೆಚ್ಚುವುದು ಸ್ವಚ್ಛ ದನಿಗಾಗಿಯೇ. ಹಾಡಿಗೊಂದು ಟೋನ್ ಬೇಕಾದ ಆರ್ಕೆಸ್ಟ್ರಾ ಗಿಟಾರಿಸ್ಟ್‌ಗೆ ಅಂಥ ಸ್ವಚ್ಛ ಆಂಪೂ, ಅದರ ಮುಂದೆ ಕ್ಯಾಬಿನೆಟ್ ಫಿಲ್ಟರ್ (ಗಿಟಾರ್ ಸ್ಪೀಕರ್‌ನಂತೆ ಟ್ರೆಬಲ್ ತಗ್ಗಿಸುವ ಸರ್ಕ್ಯೂಟ್) ಇರುವ ಪೆಡಲೂ ಸಾಕು. ಪೆಡಲ್‌ನಿಂದ ನೇರ ಮಿಕ್ಸರ್‌ಗೆ ಹೋಗುವಾಗ ಫಿಲ್ಟರ್ ಆನ್ ಇರಲಿ, ಗಿಟಾರ್ ಸ್ಪೀಕರ್‌ಗೆ ಹೋಗುವಾಗ ಆಫ್ ಮಾಡಿ.