ಮಣೆ ಮೇಲೆ ನಿಂತ ಅಮ್ಮ

ಹೋದ ತಿಂಗಳು ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದರೆ ಅಮ್ಮ ಉದ್ದ ಆಗಿದ್ದಳು. ಎಪ್ಪತ್ತು ದಾಟಿದ ಮೇಲೆ ಯಾರೂ ಉದ್ದ ಆಗುವುದಿಲ್ಲ. ಅದರಲ್ಲೂ ಅಮ್ಮ ಇರುವುದೇ 4 ಅಡಿ 10 ಇಂಚು. ಯಾವಾಗಲೂ ಅವಳ ತಲೆ ಮೇಲೆ ಕಾಣುತ್ತಿದ್ದ ಗೋಡೆ ಕ್ಯಾಲೆಂಡರ್ ಅವತ್ತು ಕಿವಿ ಪಕ್ಕಕ್ಕೆ ಬಂದಿತ್ತು.

"ಏನಮ್ಮಾ, ಯಾವುದರ ಮೇಲೆ ನಿಂತಿದೀಯಾ?"

"ಮಣೆ ಮೇಲೆ ಕಣೋ. ಕಡುಬು ಬೆಂದಿದ್ಯಾ ನೋಡ್ಬೇಕಲ್ಲ."

ಫೋನು ಕೆಳಗೆ ತಿರುಗಿಸಿ ತೋರಿಸಿದಳು. ಹಲಸಿನ ಮರದ ಮಣೆ. ನಾಲ್ಕು ಮೂಲೆಗೆ ಹಿತ್ತಾಳೆ ಮೊಳೆ, ಒಂದು ಮೂಲೇದು ಉದುರಿದೆ. ತಾತ ಇರುವವರೆಗೂ ಆ ಮಣೆ ಮೇಲೆ ಬೇರೆ ಯಾರೂ ಊಟಕ್ಕೆ ಕೂತವರಲ್ಲ. ಈಗ ಅದರ ಮೇಲೆ ನಿಂತು ಅಮ್ಮ ಅಡುಗೆ ಮಾಡುತ್ತಿದ್ದಾಳೆ. ಹೊಸ ಅಡುಗೆಮನೆಯಲ್ಲಿ. ಆ ಹೊಸ ಅಡುಗೆಮನೆಗೆ ದುಡ್ಡು ಕಳಿಸಿದವನು ನಾನು.

ನಮ್ಮೂರು ಮೂಡಿಗೆರೆ ಕಡೆ. ನಾನಿರುವುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, ಹನ್ನೊಂದು ವರ್ಷದಿಂದ. ಇಲ್ಲಿ ಬಾಡಿಗೆಗೆ ಮನೆ ಹಿಡಿದರೆ ಎಷ್ಟೋ ಕಡೆ ಅಡುಗೆಮನೆಯೇ ಇರುವುದಿಲ್ಲ. ಜಾಗ ಇರುತ್ತದೆ. ಗೋಡೆಯಿಂದ ಎರಡು ನೀರಿನ ಪೈಪು, ಒಲೆಗೊಂದು ವೈರು ಹೊರಗೆ ಚಾಚಿಕೊಂಡಿರುತ್ತವೆ, ಅಷ್ಟೇ. ಸಿಂಕು, ಕಟ್ಟೆ, ಕಪಾಟು ಎಲ್ಲ ನಾವೇ ಹಾಕಿಸಿಕೊಳ್ಳಬೇಕು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗುವವರೂ ಇದ್ದಾರೆ. ಮೊದಲ ಸಲ ನೋಡಿದಾಗ, ಇವರು ಸಿಂಕನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾರಲ್ಲ ಅಂತ ನಕ್ಕಿದ್ದೆ.

ನಮ್ಮ ಸರದಿ ಬಂದಾಗ ನಗು ನಿಂತಿತು. ಅಡುಗೆಮನೆ ಅಂಗಡಿಯ ಹೆಂಗಸು ನಮ್ಮನ್ನು ಎರಡು ಗಂಟೆ ಕೂರಿಸಿಕೊಂಡಳು. ಬಣ್ಣದ ಮಾತೇ ಇಲ್ಲ. ಮನೆಯಲ್ಲಿ ಯಾರು ಜಾಸ್ತಿ ಅಡುಗೆ ಮಾಡುತ್ತೀರಿ? ಬಲಗೈಯಾ, ಎಡಗೈಯಾ? ದಿನಾ ಬಳಸುವ ದೊಡ್ಡ ಪಾತ್ರೆ ಎಷ್ಟು ದೊಡ್ಡದು? ಯಾರು ಜಾಸ್ತಿ ಅಂದಿದ್ದಕ್ಕೆ ನಾನು "ಇಬ್ಬರೂ" ಅಂದೆ. ಹೆಂಡತಿ ನನ್ನ ಮುಖ ನೋಡಿದಳು. ಅಂಗಡಿಯವಳು ಅದನ್ನು ನೋಡಿ ಹೆಂಡತಿಯನ್ನೇ ಎಬ್ಬಿಸಿ ನಿಲ್ಲಿಸಿದಳು. ಮೊಣಕೈ ಮಡಚಿಸಿ ನೆಲದಿಂದ ಟೇಪು ಹಿಡಿದಳು. ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆ ಬರಬೇಕಂತೆ. ಆಗ ಹೆಚ್ಚುವಾಗ ಭುಜ ಮೇಲೇಳುವುದಿಲ್ಲ, ಸೊಂಟ ಬಗ್ಗುವುದಿಲ್ಲ. ಒಲೆ ಇರುವ ಕಡೆ ಇನ್ನೂ ಸ್ವಲ್ಪ ತಗ್ಗಿದ್ದರೆ ಒಳ್ಳೆಯದು, ಪಾತ್ರೆಗೂ ಎತ್ತರ ಇದೆಯಲ್ಲ ಅಂದಳು. ಇಷ್ಟು ಸಣ್ಣ ಮಾತು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಈಗ ಊರಿನ ಕಥೆ ಕೇಳಿ.

ಹೋದ ಬೇಸಿಗೆಯಲ್ಲಿ ಚಿಕ್ಕಮಗಳೂರಿನಿಂದ ಒಬ್ಬ ಹುಡುಗ ಬಂದು ನಮ್ಮ ಅಡುಗೆಮನೆ ಅಳತೆ ತೆಗೆದುಕೊಂಡ. ಗೋಡೆಯಿಂದ ಗೋಡೆಗೆ ಅಳೆದ. ಕಿಟಕಿ ಅಳೆದ. ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮನನ್ನು ಅಳೆಯಲಿಲ್ಲ. ಸಂಜೆ ನನಗೆ ವಾಟ್ಸಾಪ್ ಮಾಡಿದ: "ಸಾರ್, ಕಲರ್ ಯಾವುದು ಹಾಕೋಣ? ವೈನ್ ರೆಡ್ ಈಗ ಎಲ್ಲರ ಮನೇಲೂ ಹಾಕ್ತಿದೀವಿ." ಕೆಳಗೆ ಹದಿನಾಲ್ಕು ಫೋಟೋ. ಹದಿನಾಲ್ಕರಲ್ಲೂ ಒಂದೇ ಒಂದು ಪಾತ್ರೆ ಇಲ್ಲ, ಒಂದು ಒಗ್ಗರಣೆ ಸೌಟಿಲ್ಲ. ಒಂದರಲ್ಲಿ ಮಾತ್ರ ಗಾಜಿನ ಬಟ್ಟಲಿನಲ್ಲಿ ಹಸಿರು ಸೇಬು ಇತ್ತು. ನಮ್ಮ ಮನೆಯಲ್ಲಿ ಸೇಬು ಬರುವುದು ಯಾರಿಗಾದರೂ ಜ್ವರ ಬಂದರೆ.

ಕಟ್ಟೆ ಎತ್ತರ ಎಷ್ಟು ಅಂತ ಅವನು ಕೇಳಲಿಲ್ಲ. ಅವನ ಲೆಕ್ಕದಲ್ಲಿ ಅದು ಕೇಳುವ ವಿಷಯವೇ ಅಲ್ಲ. 34 ಇಂಚು, ಎಲ್ಲರಿಗೂ. ಅದರ ಮೇಲೆ ಗ್ಯಾಸ್ ಸ್ಟವ್ 5 ಇಂಚು. ಅದರ ಮೇಲೆ ನಮ್ಮ ಕಡುಬಿನ ಪಾತ್ರೆ, ಸಣ್ಣದೆಂದರೂ ಒಂದಡಿ. ಕೂಡಿಸಿ ನೋಡಿ, 51 ಇಂಚಾಯಿತು. ಅಮ್ಮನ ಎತ್ತರ 58. ಅಂದರೆ ಮುಚ್ಚಳ ತೆಗೆದರೆ ಹಬೆ ನೇರವಾಗಿ ಮುಖಕ್ಕೆ. ಕಡುಬು ಬೆಂದಿದೆಯೋ ಇಲ್ಲವೋ ಒತ್ತಿ ನೋಡಬೇಕಾದರೆ ಕೈಯನ್ನು ಭುಜಕ್ಕಿಂತ ಮೇಲೆತ್ತಿ ಆ ಹಬೆಯೊಳಗೆ ಇಳಿಸಬೇಕು. ಅದಕ್ಕೇ ಮಣೆ. ಮೂರು ಇಂಚಿನ ಮಣೆ ಮೇಲೆ, ಒದ್ದೆ ಟೈಲ್ಸ್ ಮೇಲೆ, ಎಪ್ಪತ್ತು ದಾಟಿದ ಹೆಂಗಸು ಕುದಿಯುವ ನೀರಿನ ಮುಂದೆ ನಿಂತಿದ್ದಾಳೆ. ವೈನ್ ರೆಡ್ ಮಾತ್ರ ಚೆನ್ನಾಗಿ ಹೊಳೆಯುತ್ತಿದೆ.

ನನಗೆ ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ. ಅವನು ನಾವು ಕೇಳಿದ್ದನ್ನು ಕೊಟ್ಟ. ನಮ್ಮ ಕಡೆ ಅಡುಗೆಮನೆ ಮಾಡಿಸುವುದು ಅಡುಗೆ ಮಾಡುವವರಿಗಲ್ಲ, ಗೃಹಪ್ರವೇಶಕ್ಕೆ ಬಂದು ಇಣುಕಿ ನೋಡುವವರಿಗೆ. ನನ್ನ ದೊಡ್ಡಮ್ಮನ ಮಗನ ಮನೆ ಹಾಸನದಲ್ಲಿದೆ. ಅಲ್ಲಿ ಮುಂದಿನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಾರೆ, ಅಷ್ಟೇ. ಮೀನು, ಕೋಳಿ, ಹಪ್ಪಳ ಕರಿಯುವುದು ಎಲ್ಲ ಹಿಂದಿನ ಶೀಟ್ ಹಾಕಿದ ಜಾಗದಲ್ಲಿ. ಮುಂದಿನ ಚಿಮಣಿ ಮೇಲಿನ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ. ಮೂರು ವರ್ಷ ಆಯಿತು.

ಮಳೆಯ ಮಾತು ಬೇರೆ. ಜೂನ್‌ನಲ್ಲಿ ಹಿಡಿದರೆ ನಮ್ಮಲ್ಲಿ ಬಟ್ಟೆ ಒಣಗುವುದು ಒಲೆ ಮೇಲೆ. ಅಂಥ ಊರಿನಲ್ಲಿ ಆ ಚಿಕ್ಕಮಗಳೂರಿನ ಹುಡುಗ ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿ ಅಂಟಿಸಿ ಮಾಡಿದ ಹಲಗೆ, ಹಾಕಿಹೋಗಿದ್ದಾನೆ. ಆಗಸ್ಟ್ ಹೊತ್ತಿಗೆ ಅದು ನೆನೆದ ರಸ್ಕಿನ ಹಾಗೆ ಊದಿಕೊಂಡಿತ್ತು, ಬಾಗಿಲು ಮುಚ್ಚುತ್ತಿರಲಿಲ್ಲ. ಅಲ್ಲಿಗೆ ಬೇಕಾಗಿದ್ದು ನೀರು ತಡೆಯುವ, ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್, ಇಲ್ಲವೇ ಸುಮ್ನೆ ಕಡಪ ಕಲ್ಲಿನ ಅರೆ. ಗ್ಯಾಸ್ ಸಿಲಿಂಡರನ್ನೂ ಬಿಗಿಯಾಗಿ ಮುಚ್ಚುವ ಕಪಾಟಿನೊಳಗೆ ಕೂರಿಸಿದ್ದ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಿನ ಚಿಮಣಿಗೆ ಹೋಗುವುದಿಲ್ಲ, ಕೆಳಗೇ ಕೂರುತ್ತದೆ. ಕಪಾಟಿನ ಬುಡದಲ್ಲಿ ನಾಲ್ಕು ತೂತು ಬೇಕಿತ್ತು. ಅಂದ ಕೆಡುತ್ತದೆ ಅಂದನಂತೆ.

ಇಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಂದು ಹಳೇ ಅಡುಗೆಮನೆ ಇದೆ. ಏರ್ನ್‌ಸ್ಟ್ ಮೈ ಹೌಸ್ ಅಂತ ಕಟ್ಟಡ, ಒಳಗೆ ಹೋಗಿ ನೋಡಬಹುದು. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಅನ್ನುವ ವಿಯೆನ್ನಾದ ಆರ್ಕಿಟೆಕ್ಟ್ ಕೆಲಸಗಾರರ ಮನೆಗಳಿಗೆಂದು ಯೋಚಿಸಿದ ಅಡುಗೆಮನೆ ಅದು. ಸುಮಾರು 6 ಅಡಿ ಅಗಲ, 11 ಅಡಿ ಉದ್ದ. ನಮ್ಮ ಮನೆಯ ಬಚ್ಚಲಿಗಿಂತ ಸಣ್ಣದು. ಅಂಥದ್ದನ್ನು ಸುಮಾರು 10,000 ಮನೆಗೆ ಹಾಕಿದ್ದರು. ಹೆಂಗಸರು ದಿನಕ್ಕೆ ಎಷ್ಟು ಹೆಜ್ಜೆ ಸುಮ್ನೆ ಓಡಾಡುತ್ತಾರೆ ಅನ್ನುವ ಲೆಕ್ಕದಿಂದ ಅದು ಹುಟ್ಟಿದ್ದು. ಬೇಳೆ, ಹಿಟ್ಟಿಗೆ ಅಲ್ಯೂಮಿನಿಯಂ ಡಬ್ಬಿಗಳು, ಹಿಡಿ ಹಿಡಿದು ಎಳೆದು ನೇರ ಪಾತ್ರೆಗೆ ಸುರಿಯಬಹುದು.

ನಾನು ನಿಂತುಬಿಟ್ಟಿದ್ದು ಕಿಟಕಿ ಹತ್ತಿರ. ಅಲ್ಲೊಂದು ತಗ್ಗು ಕಟ್ಟೆ, ಮುಂದೆ ತಿರುಗುವ ಸ್ಟೂಲು. ಕೂತು ತರಕಾರಿ ಹೆಚ್ಚುವುದಕ್ಕೆ. ಸಿಪ್ಪೆ ತಳ್ಳಲು ಕಟ್ಟೆಯಲ್ಲೇ ಒಂದು ಗಂಡಿ, ಕೆಳಗೆ ಡ್ರಾಯರು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಅಜ್ಜಿ. ಹಳೇ ಅಡುಗೆಮನೆಯ ಹಿತ್ತಲ ಬಾಗಿಲ ಬೆಳಕಿಗೆ ಈಳಿಗೆಮಣೆ ಹಾಕಿಕೊಂಡು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂರುತ್ತಿದ್ದಳು. ಎಡಕ್ಕೆ ಮೊರ, ಬಲಕ್ಕೆ ನೀರಿನ ಬೋಗುಣಿ, ಸಿಪ್ಪೆಗೆ ಹರಿದ ಬುಟ್ಟಿ. ಹಲಸಿನಕಾಯಿ ಬಂದರೆ ಕೈಗೆ ಎಣ್ಣೆ. ಎದ್ದರೆ ಎಲ್ಲ ಮುಗಿದೇ ಎದ್ದಳು ಅಂತ ಅರ್ಥ. ಅಜ್ಜಿಗೆ ಯಾವ ಆರ್ಕಿಟೆಕ್ಟೂ ಹೇಳಿಕೊಟ್ಟಿರಲಿಲ್ಲ. ನಮ್ಮ ಹೊಸ ಅಡುಗೆಮನೆಯಲ್ಲಿ ಕೂರಲು ಜಾಗವೇ ಇಲ್ಲ. ಈಳಿಗೆಮಣೆ ಅಟ್ಟದಲ್ಲಿದೆ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಕಡೆಯದನ್ನೂ ಹೇಳಲೇಬೇಕು. ಹೇಳದಿದ್ದರೆ ಹೆಂಡತಿ ಹೇಳುತ್ತಾಳೆ.

ಆ ಆರ್ಕಿಟೆಕ್ಟ್, ಅವರೇ ಒಪ್ಪಿಕೊಂಡಂತೆ, ಅದನ್ನು ಮಾಡುವ ಹೊತ್ತಿಗೆ ಮನೆಯಲ್ಲಿ ಅಡುಗೆ ಮಾಡಿದವರೇ ಅಲ್ಲವಂತೆ. ಆ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ನಮ್ಮದೂ ಹಾಗೇ. ಹೆಂಡತಿಯ ಮೊಣಕೈಗೆ ಸರಿಯಾಗಿ ಕಟ್ಟೆ ಬಂದಿದೆ, ಪಾತ್ರೆ ತೊಳೆಯುವ ನಾನು ದಿನಾ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡಿದ್ದೇನೆ. ಅಕ್ಕಿರೊಟ್ಟಿ ಸುಟ್ಟರೆ ಹೊಗೆ ಅಲಾರಂ ಕೂಗುತ್ತದೆ, ಕೆಳಗಿನ ಮನೆಯ ಮುದುಕ ಬಾಗಿಲು ತಟ್ಟುತ್ತಾನೆ. ಕೋಳಿ ಸಾರು ಮಾಡುವುದೆಂದರೆ ಜನವರಿಯ ಚಳಿಯಲ್ಲೂ ಎಲ್ಲ ಕಿಟಕಿ ತೆಗೆದಿಡಬೇಕು. ಇನ್ನು ಆರ್ಡರ್ ಕೊಟ್ಟ ಮೇಲೆ ಅಡುಗೆಮನೆ ಬರಲು ಹನ್ನೊಂದು ವಾರ ಹಿಡಿಯಿತು. ಅಲ್ಲಿಯವರೆಗೆ ಬಾತ್‌ರೂಮ್ ಬೇಸಿನ್ನಿನಲ್ಲಿ ಅಕ್ಕಿ ತೊಳೆದೆವು. ಬಂದ ಮೇಲೆ ಒಂದು ಬಾಗಿಲು ಒಂದು ಸೆಂಟಿಮೀಟರ್ ತಾಗುತ್ತಿತ್ತು. ಸರಿ ಮಾಡುವವನು ಬಂದಿದ್ದು ಇನ್ನೂ ಐದು ವಾರಕ್ಕೆ.

ಊರಿನಲ್ಲಿ? ಅವತ್ತು ಮಣೆ ನೋಡಿ ಸಿಟ್ಟಿನಲ್ಲಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಮೇಸ್ತ್ರಿಗೆ ಹೇಳಿದರು. ಅವನು ಬುಧವಾರ ಬೆಳಿಗ್ಗೆ ಬಂದ, ನಮ್ಮನೇಲೇ ತಿಂಡಿ ತಿಂದ. "ಅಮ್ಮಾರೇ, ಹಿಂಗೆ ನಿಂತ್ಕಳಿ" ಅಂತ ಅಮ್ಮನನ್ನು ನಿಲ್ಲಿಸಿದ. ಟೇಪೂ ಇಲ್ಲ ಏನೂ ಇಲ್ಲ, ಖಾಲಿ ಕಡುಬಿನ ಪಾತ್ರೆಯನ್ನು ಇಟ್ಟಿಗೆ ಮೇಲೆ ಇಟ್ಟ. ಒಂದೊಂದೇ ಇಟ್ಟಿಗೆ ತೆಗೆಯುತ್ತಾ ಅಮ್ಮ "ಹಾಂ, ಇಷ್ಟು ಸಾಕು" ಅಂದ ಕಡೆ ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಹಾಕಿದ. ಆಮೇಲೆ ಅಪ್ಪ ಅಳೆದರೆ ಕಟ್ಟೆಗೆ 27 ಇಂಚು ಬಂತಂತೆ. ಒಲೆಯ ಭಾಗದ ಗ್ರಾನೈಟು ಕತ್ತರಿಸಿ ಇಳಿಸಿದ. ಸಿಲಿಂಡರ್ ಹಿತ್ತಲ ಗೋಡೆಯಾಚೆ ಹೋಯಿತು, ವೈನ್ ರೆಡ್ ಬಾಗಿಲು ಎರಡು ಕೊಟ್ಟಿಗೆಗೆ ಹೋದವು. ಗುರುವಾರ ಸಂಜೆಗೆ ಕಾಫಿ ಕಾಯಿತು.

ಮೊದಲೇ ಅವನನ್ನೇ ಕರೆಯಬೇಕಿತ್ತು. ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸಲು ಹದಿನಾಲ್ಕು ಫೋಟೋ ಇಲ್ಲ ಅಂತ ನಾನೇ ಬೇಡ ಅಂದಿದ್ದೆ.

ಮೊನ್ನೆ ಭಾನುವಾರ ಮತ್ತೆ ಕಾಲ್ ಮಾಡಿದೆ. ಒಲೆಯ ಕಡೆ ತಗ್ಗಿಸಿದ್ದಾರೆ, ಫೋನು ಇಡುವ ಕಡೆ ಇನ್ನೂ 34 ಇಂಚೇ. ತೆರೆ ತುಂಬಾ ಹಬೆ, ಗೋಡೆಯ ಕ್ಯಾಲೆಂಡರು, ಅದರ ಕೆಳಗೆ ಅಮ್ಮನ ನೆತ್ತಿ, ತುರುಬಿನಲ್ಲೊಂದು ಸಂಪಿಗೆ.

"ಕಾಣ್ತಿದೀನೇನೋ?" ಅಂದಳು.